ವಿಡ್ಮಂತಾಸ್ ಲೀಡ್ ಉಳಿಸಿದ್ದು

ಪಂದ್ಯಕ್ಕೆ ಕೊನೆಯ ಎರಡು ನಿಮಿಷ ಅನ್ನುವುದೊಂದು ಇಲ್ಲದಿದ್ದರೆ ವಿಡ್ಮಂತಾಸ್ ಇಡೀ ಲಿಥುವೇನಿಯಾದಲ್ಲೇ ಹೆಸರಾಂತ ಕೋಚ್ ಆಗಿರುತ್ತಿದ್ದ. ಈ ಮಾತನ್ನು ಊರಿನವರಿಗಿಂತ ಮೊದಲು ಅವನೇ ಹೇಳುತ್ತಿದ್ದ. ಬೇರೆಯವರು ಆಡಿಕೊಳ್ಳುವ ಮೊದಲೇ ನಾವೇ ಆಡಿಕೊಂಡರೆ ನೋವು ಸ್ವಲ್ಪ ಕಡಿಮೆ ಅನ್ನುವುದು ಅವನ ನಂಬಿಕೆ. ಹಗಲು ಬೆರ್ಜುಪೆ ಊರಿನ ಬಾಯ್ಲರ್ ಮನೆಯಲ್ಲಿ ಕೆಲಸ, ಸಂಜೆ ಊರಿನ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಕೋಚ್. ಬಾಯ್ಲರ್ ಕೆಟ್ಟರೆ ಜನ ಚಳಿಯಲ್ಲಿ ನಡುಗುತ್ತಾ ಸುಮ್ಮನಿರುತ್ತಿದ್ದರು. ಆ ಎರಡು ನಿಮಿಷದಲ್ಲಿ ಲೀಡ್ ಕೈತಪ್ಪಿದರೆ ಮಾತ್ರ ಯಾರೂ ಸುಮ್ಮನಿರುತ್ತಿರಲಿಲ್ಲ.

ಆ ಶನಿವಾರ ಬೆಳಿಗ್ಗೆ ಬ್ರೆಡ್ಡು ತರಲು ಹೋದದ್ದೇ ತಪ್ಪಾಯಿತು. ಸಂಜೆ ಗಿರಿನೆ ಊರಿನ ತಂಡದ ಮೇಲೆ ಫೈನಲ್ ಇತ್ತು, ಗೆದ್ದವರು ಮೇಲಿನ ಲೀಗ್‌ಗೆ ಹೋಗುತ್ತಿದ್ದರು. ಅಂಗಡಿಯ ಗೆನೊವೈತೆ ಕಪ್ಪು ಬ್ರೆಡ್ಡು ಎತ್ತಿದವರು ಕೊಡದೆ ಹಾಗೇ ಹಿಡಿದುಕೊಂಡರು.

"ಇವತ್ತು ಎಷ್ಟು ಲೀಡ್ ಕಳ್ಕೊಳ್ತೀರಿ ಕೋಚಪ್ಪ?"

"ಮೊದಲು ಲೀಡ್ ಬರ್ಲಿ ಗೆನೊವೈತಮ್ಮ. ಕಳ್ಕೊಳ್ಳೋದು ನನಗೆ ಕರಗತ, ಅದರ ಬಗ್ಗೆ ನೀವು ತಲೆ ಕೆಡಿಸ್ಕೋಬೇಡಿ."

"ತಮಾಷೆ ಅಲ್ಲ. ಕೊನೇಲಿ ಚೆಂಡು ಹಿಡ್ಕೊಂಡು ಕಾಲ ಕಳೀಬೇಡಿ. ಹೊಡೀತಾನೇ ಇರಿ."

ಸಾಲಿನಲ್ಲಿ ಹಿಂದೆ ನಿಂತಿದ್ದ ಮಾವ, ಅಂದರೆ ಹೆಂಡತಿಯ ಅಪ್ಪ ಆಲ್ಫೋನ್ಸಾಸ್, ಗಂಟಲು ಸರಿಮಾಡಿಕೊಂಡರು. "ಅಳಿಯಂದ್ರೆ, ಆ ಯಮ್ಮನ ಮಾತು ಕೇಳಿದ್ರೆ ಕೆಟ್ರಿ. ಲೀಡ್ ಬಂತಾ, ಚೆಂಡನ್ನ ಮೊಟ್ಟೆ ಹಿಡಿದ ಹಾಗೆ ಹಿಡ್ಕೊಂಡ್ಬಿಡಿ. ನಮ್ಮ ಕಾಲದಲ್ಲಿ ನಾವು..."

"ನಿಮ್ಮ ಕಾಲದಲ್ಲಿ ನೀವು ಬೆಂಚ್ ಬಿಟ್ಟು ಎದ್ದಿದ್ದನ್ನೇ ನಾನು ನೋಡ್ಲಿಲ್ಲ" ಎಂದರು ಗೆನೊವೈತೆ.

ಅಷ್ಟರಲ್ಲಿ ತಂಡದ ಅಧ್ಯಕ್ಷ ಜೆನೋನಾಸ್ ಒಳಗೆ ಬಂದರು. ಸಾಲಿಗೆ ಸಾಲೇ ದಾರಿ ಬಿಟ್ಟಿತು.

"ನೇರವಾಗಿ ಹೇಳ್ತೀನಿ ವಿಡ್ಮಂತಾಸ್. ಇವತ್ತೂ ಲೀಡ್ ಬಿಟ್ಟುಕೊಟ್ರೆ ನಾಳೆಯಿಂದ ನೀವು ಬಾಯ್ಲರ್‌ಗೆ ಮಾತ್ರ ಕೋಚ್."

ಬ್ರೆಡ್ಡು ಕೈಗೆ ಬರುವಷ್ಟರಲ್ಲಿ ಅವನ ಹಸಿವು ಹಾರಿಹೋಗಿತ್ತು. ಆ ಕೋಚ್ ಕೆಲಸಕ್ಕೆ ಸಂಬಳ ಅಂತ ಏನೂ ಇರಲಿಲ್ಲ. ಆದರೆ ಬೀದಿಯಲ್ಲಿ ಹೋಗುವಾಗ, ಬೈಯುವುದಕ್ಕಾದರೂ ಸರಿ, ಜನ ಅವನನ್ನು ನಿಲ್ಲಿಸಿ ಮಾತಾಡಿಸುತ್ತಿದ್ದರು. ಅದಿಲ್ಲದೆ ಬದುಕುವುದು ಹೇಗೆ ಅಂತ ಅವನಿಗೆ ನಿಜಕ್ಕೂ ಭಯವಾಯಿತು.

ಲೀಡ್ ಹೋಗುತ್ತಿದ್ದದ್ದು ಏಕೆ ಅಂತ ಅವನಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು. ತಂಡದ ಅತಿ ಎತ್ತರದ ಆಟಗಾರ ತೌತ್ವಿದಾಸ್ ಅಧ್ಯಕ್ಷರ ಒಬ್ಬನೇ ಮಗ. ಚಿನ್ನದಂಥ ಹುಡುಗ, ಆದರೆ ಫೌಲ್‌ಗೆ ಸಿಗುವ ಫ್ರೀ ಥ್ರೋ ಎಸೆದರೆ ಮಾಡಿನ ಮೇಲಿನ ಕಾಗೆಗೆ ಕಲ್ಲು ಬೀಸಿದ ಹಾಗೆ. ಕೊನೆಯ ಹೊತ್ತಿಗೆ ಎದುರಾಳಿಗಳು ಬೇಕೆಂದೇ ಅವನಿಗೆ ಫೌಲ್ ಮಾಡುತ್ತಿದ್ದರು. ಅವನು ಎರಡೂ ಎಸೆತ ಹಾಳು ಮಾಡುತ್ತಿದ್ದ, ಚೆಂಡು ಅವರ ಪಾಲಾಗುತ್ತಿತ್ತು. ಅವನನ್ನು ಹೊರಗೆ ಕೂರಿಸಿದರೆ ಮುಗಿಯಿತು. ಅದಕ್ಕೆ ಬೇಕಾದ ಧೈರ್ಯವನ್ನು ವಿಡ್ಮಂತಾಸ್ ತನ್ನ ಮೈಯಲ್ಲೆಲ್ಲ ಹುಡುಕಿ ಕೈಚೆಲ್ಲಿದ್ದ.

ಸಂಜೆ ಹಾಲ್ ತುಂಬಿ ತುಳುಕುತ್ತಿತ್ತು. ಗೆನೊವೈತೆ ಮತ್ತು ಮಾವ ಬೆಂಚಿನ ಹಿಂದಿನ ಸಾಲಿನಲ್ಲೇ ಜಾಗ ಹಿಡಿದು, ಬೆಳ್ಳುಳ್ಳಿ ಉಜ್ಜಿ ಹುರಿದ ಬ್ರೆಡ್ಡು ಮೆಲ್ಲುತ್ತಿದ್ದರು. ಗಿರಿನೆಯ ಕೋಚ್ ರೆಮಿಗಿಯುಸ್ ಗರಿಗರಿ ಸೂಟಿನಲ್ಲಿ ಬಂದಿದ್ದ. ವಿಡ್ಮಂತಾಸನ ತೋಳಿಗೆ ಇನ್ನೂ ಬಾಯ್ಲರ್ ಮಸಿ ಅಂಟಿತ್ತು.

ದೇವರ ದಯೆ, ಲೀಡ್ ಬಂತು. ಹನ್ನೊಂದು ಪಾಯಿಂಟ್. ಅದನ್ನು ನೋಡಿದ್ದೇ ತಡ, ಅವನು ಗಡಿಯಾರದಲ್ಲಿ ಉಳಿದ ನಿಮಿಷ ಎಣಿಸತೊಡಗಿದ. ಹಿಂದೆ ಬಿದ್ದಿದ್ದರೆ ಎಷ್ಟೋ ನೆಮ್ಮದಿಯಾಗಿರುತ್ತಿದ್ದ. ಕೊನೆಯ ನಿಮಿಷಗಳಲ್ಲಿ ರೆಮಿಗಿಯುಸ್ ತನ್ನ ಹುಡುಗರಿಗೆ ಕೈಸನ್ನೆ ಮಾಡಿದ. ತೌತ್ವಿದಾಸನಿಗೆ ಫೌಲ್. ಎರಡು ಎಸೆತ, ಎರಡೂ ದಂಡ. ಮತ್ತೆ ಫೌಲ್, ಮತ್ತೆ ದಂಡ. ಹನ್ನೊಂದು ಏಳಾಯಿತು, ಏಳು ಮೂರಾಯಿತು. ವಿಡ್ಮಂತಾಸ್ ಟೈಮ್‌ಔಟ್ ಕೇಳಿದ.

ಆಟಗಾರರು ಸುತ್ತ ನಿಂತರು. ಅವರ ನಡುವೆ ಎರಡು ಬಿಳಿ ತಲೆಗಳೂ ತೂರಿಕೊಂಡವು.

"ಹೊಡೀರಿ ಅನ್ನಿ, ಹೊಡೀರಿ ಅನ್ನಿ" ಎಂದರು ಗೆನೊವೈತೆ.

"ಹೊಡೆಯೋಕೆ ಇಪ್ಪತ್ನಾಲ್ಕು ಸೆಕೆಂಡ್ ಕೊಡ್ತಾರಲ್ಲ, ಪೂರ್ತಿ ತಿಂದುಬಿಡಿ" ಎಂದರು ಮಾವ.

"ಹೋದ್ಸಲ ತಿಂದು ತಿಂದೇ ತಾನೇ ಅಜೀರ್ಣ ಆಗಿದ್ದು?"

"ಇಬ್ರೂ ಸ್ವಲ್ಪ ಬ್ರೆಡ್ ತಿನ್ನಿ" ಎಂದ ವಿಡ್ಮಂತಾಸ್. ಹೀಗೆ ಹೇಳಿದ್ದು ತಾನೇನಾ ಅಂತ ಅವನಿಗೇ ಆಶ್ಚರ್ಯವಾಯಿತು. ಹೇಗೂ ಕೆಟ್ಟಿದ್ದೇನೆ, ಪೂರ್ತಿ ಕೆಟ್ಟುಬಿಡೋಣ ಅನ್ನಿಸಿತು. "ತೌತ್ವಿದಾಸ್, ನೀನು ಕೂತ್ಕೊ."

"ಸದ್ಯ, ಬದುಕಿದೆ ಕೋಚ್" ಎಂದು ಹುಡುಗ ಟವೆಲ್ ಹೊದ್ದು ಕೂತೇಬಿಟ್ಟ.

ಎದುರುಗಡೆ ಅಧ್ಯಕ್ಷರು ಎದ್ದು ನಿಂತದ್ದು ಕಾಣಿಸಿತು. ವಿಡ್ಮಂತಾಸ್ ಆ ಕಡೆ ಬೆನ್ನು ಹಾಕಿ, ಊರಿಗೆಲ್ಲ ಅಂಚೆ ಹಂಚುವ, ಫ್ರೀ ಥ್ರೋ ಎಸೆದರೆ ಗುರಿ ತಪ್ಪದ ಗಿಡ್ಡ ಲಿನಾಸನ ಹೆಗಲು ಹಿಡಿದ. "ಚೆಂಡು ಇವನ ಕೈಬಿಟ್ಟು ಹೋಗಬಾರದು. ಫೌಲ್ ಮಾಡೋರು ಇವನಿಗೇ ಮಾಡ್ಲಿ."

ಅವರು ಲಿನಾಸನಿಗೇ ಮಾಡಿದರು. ಎರಡೂ ಎಸೆತ ಒಳಗೆ. ಗಿರಿನೆಯವರು ಒಮ್ಮೆ ಬುಟ್ಟಿಗೆ ಹಾಕಿ ಎರಡು ಪಾಯಿಂಟ್ ಪಡೆದು ಮತ್ತೆ ಫೌಲ್ ಮಾಡಿದರು. ಮತ್ತೆ ಎರಡೂ ಒಳಗೆ. ಪಂದ್ಯ ಮುಗಿದಾಗ ಬೆರ್ಜುಪೆ ಐದು ಪಾಯಿಂಟ್ ಮುಂದಿತ್ತು. ಮಾವ ಪಕ್ಕದಲ್ಲಿದ್ದವರನ್ನು ಗಟ್ಟಿಯಾಗಿ ತಬ್ಬಿಕೊಂಡು, ಅದು ಗೆನೊವೈತೆ ಅಂತ ಗೊತ್ತಾದ ಮೇಲೆ ಬಿಟ್ಟರು.

ಅಧ್ಯಕ್ಷರು ನೇರ ಅವನ ಕಡೆಗೇ ಬಂದರು. ವಿಡ್ಮಂತಾಸ್ ಕಣ್ಣು ಮುಚ್ಚಿಕೊಂಡ. ಬಿದ್ದದ್ದು ಏಟಲ್ಲ, ಅಪ್ಪುಗೆ.

"ಇಷ್ಟು ದಿನ ಎಲ್ಲಿತ್ರೀ ಈ ಬುದ್ಧಿ? ನನ್ನ ಮಗನನ್ನ ಯಾರಾದ್ರೂ ಕೂರಿಸ್ಲಪ್ಪ ಅಂತ ಅವನಮ್ಮ ಚರ್ಚಿನಲ್ಲಿ ಮೇಣದಬತ್ತಿ ಹಚ್ತಿದ್ಲು."

ವಿಡ್ಮಂತಾಸನಿಗೆ ಕಣ್ಣು ತುಂಬಿ ಬಂತು. "ಹಾಗಾದ್ರೆ ಮೇಲಿನ ಲೀಗ್‌ಗೆ ನಾಳೆಯಿಂದ್ಲೇ ತಯಾರಿ ಶುರು ಮಾಡ್ತೀನಿ."

ಅಪ್ಪುಗೆ ಸಡಿಲವಾಯಿತು. "ಅದೇ ಒಂದು ಸಣ್ಣ ತೊಡಕು. ಅಲ್ಲಿ ಕೋಚ್‌ಗೆ ಲೈಸೆನ್ಸ್ ಇರ್ಲೇಬೇಕಂತೆ. ನೀವು ಗೆಲ್ತೀರಿ ಅಂತ ಯಾರು ಅಂದ್ಕೊಂಡಿದ್ರು, ಅದಕ್ಕೇ ಮೊದಲು ಹೇಳ್ಲಿಲ್ಲ."

"ಮತ್ತೆ ಕೋಚ್ ಯಾರು?"

"ಲೈಸೆನ್ಸ್ ಇರೋರು ಸಿಗೋದೇ ಕಷ್ಟ. ನಮ್ಮ ಪುಣ್ಯ, ಒಬ್ರು ಈಗ ತಾನೇ ಖಾಲಿಯಾದ್ರು." ಅವರು ಬಾಗಿಲ ಕಡೆ ಕೈ ತೋರಿಸಿದರು. ಅಲ್ಲಿ ರೆಮಿಗಿಯುಸ್ ಟೈ ಸಡಿಲಿಸಿಕೊಂಡು ನಿಂತಿದ್ದ. "ಸೋತ ಅಂತ ಗಿರಿನೆಯವರು ನಿಂತ ಜಾಗದಲ್ಲೇ ಕೆಲಸದಿಂದ ತೆಗೆದ್ರು."

ವಿಡ್ಮಂತಾಸ್ ತೋಳಿನ ಮಸಿ ಒರೆಸಿಕೊಂಡ. "ನಾನು ಸೋತಿದ್ರೆ?"

"ಇದೇ ಲೀಗಲ್ಲಿ ಉಳೀತಿದ್ವಿ, ಇಲ್ಲಿ ಲೈಸೆನ್ಸ್ ಯಾರು ಕೇಳ್ತಾರೆ? ಎಂದಿನ ಹಾಗೆ ಬೈದು ಸುಮ್ಮನಾಗ್ತಿದ್ದೆ. ಸಂಬಳ ಇಲ್ದೆ ಬೈಸ್ಕೊಳ್ಳೋಕೆ ಇನ್ಯಾರು ಬರ್ತಾರೆ ಹೇಳಿ?"

ಜನ ಆಗಲೇ ರೆಮಿಗಿಯುಸನನ್ನು ಮುತ್ತಿಕೊಂಡು ಸಲಹೆ ಕೊಡುತ್ತಿದ್ದರು. ವಿಡ್ಮಂತಾಸ್ ಬೆಂಚಿನ ಮೇಲೆ ಒಬ್ಬನೇ ಕೂತ. ಕಳೆದುಕೊಳ್ಳಬೇಕಾಗಿದ್ದ ಒಂದೇ ಒಂದು ಲೀಡನ್ನು ಸರಿಯಾಗಿ ಹುಡುಕಿ ಉಳಿಸಿದ್ದೇನೆ ಅಂತ ಅವನಿಗೆ ತನ್ನ ಮೇಲೆ ಹೆಮ್ಮೆಯೇ ಆಯಿತು.

ಹಿಂದಿನಿಂದ ಗೆನೊವೈತೆ ಅವನ ಭುಜ ತಟ್ಟಿದರು. ಮಾವ ಪಕ್ಕಕ್ಕೆ ಸರಿದು ಜಾಗ ಮಾಡಿದರು.

"ಈ ಸಾಲಿಗೆ ಬಂದ್ಬಿಡಿ ಕೋಚಪ್ಪ" ಎಂದರು ಗೆನೊವೈತೆ. "ಇಲ್ಲಿ ಯಾರಿಗೂ ಲೈಸೆನ್ಸ್ ಇಲ್ಲ."