ಒಂಟಿಯಾಗಿ ನದಿಗಿಳಿದ ಕ್ಲೆಮೆಂಟ್

ಆ ದಿನದ ರಗಳೆಗೆಲ್ಲ ಮೂಲ ಕ್ಲೆಮೆಂಟನ ಹೆಂಡತಿ ಮಾರ್ಜರಿಯ ಸೊಂಟನೋವು.

"ಹನ್ನೊಂದು ವರ್ಷದಿಂದ ದೋಣಿ ಏರಿಸಿ ಇಳಿಸೋ ಕಾಲುವೆ ಗೇಟುಗಳನ್ನ ತಳ್ಳಿ ತಳ್ಳಿ ನನ್ನ ಸೊಂಟ ಬಿದ್ಹೋಯ್ತು ಕ್ಲೆಮೆಂಟ್! ನೀನು ಮಾತ್ರ ಚುಕ್ಕಾಣಿ ಹಿಡ್ಕೊಂಡು ಚಹಾ ಕುಡೀತಾ ನಿಂತಿರ್ತೀಯ. ಇವತ್ತು ಒಬ್ಬನೇ ದೋಣೀನ ನದಿಗಿಳ್ಸು. ಯಾವ ಮನುಷ್ಯರ ಸಹಾಯಾನೂ ಇಲ್ದೆ ಸಂಜೆ ನಾಲ್ಕು ಗಂಟೆಯೊಳಗೆ ನದಿ ದಡದ ಪಬ್ ಮುಟ್ಟಿದ್ರೆ ಸರಿ. ಇಲ್ಲಾಂದ್ರೆ ದೋಣಿ ಮಾರಾಟ."

ದೋಣಿ ಮಾರುವುದೆಂದರೆ ಕ್ಲೆಮೆಂಟನಿಗೆ ಕರುಳು ಕಿತ್ತಂತೆ. ಆದರೂ ಎದೆಯುಬ್ಬಿಸಿ, "ಅದೇನು ಮಹಾ!" ಅಂದ. ಮಾರ್ಜರಿ ಬಸ್ಸು ಹತ್ತಿದಳು. ದೋಣಿಯಲ್ಲಿ ಉಳಿದದ್ದು ಅವನು ಮತ್ತು ನಾಯಿ ಪಿಕಲ್.

ಐದು ಗೇಟು ದಾಟುವಷ್ಟರಲ್ಲಿ ಅವನ ಅಂಗಿ ಹಿಂಡಿದರೆ ಒಂದು ಬಕೆಟ್ಟು ನೀರು ಬರುವಂತಿತ್ತು. ಕೊನೆಯ ಗೇಟಿನ ಬಳಿ ಪಕ್ಕದ ದೋಣಿಯ ಹೊರೇಸ್ ಮತ್ತು ಎಡ್ನಾ ಪಂಥದ ಸುದ್ದಿ ಕೇಳಿ ಮಡಚುಕುರ್ಚಿ ಹಾಕಿ ತಮಾಷೆ ನೋಡಲು ಕೂತಿದ್ದರು.

"ಲಂಗರು ಇದೆಯೇನಪ್ಪ? ಇದು ನಿಂತ ನೀರಲ್ಲ, ಟ್ರೆಂಟ್ ನದಿ!" ಎಂದ ಹೊರೇಸ್.

"ಮುಂದ್ಗಡೆ ಹಗ್ಗದ ಸಮೇತ ಇದೆ."

"ಹಗ್ಗದ ಆ ಕೊನೆ ದೋಣಿಗೆ ಕಟ್ಟಿದೀಯಾ?" ಎಂದಳು ಎಡ್ನಾ.

"ನಂಗೇ ಪಾಠಾನಾ?" ಎಂದು ಕ್ಲೆಮೆಂಟ್ ಎಂಜಿನ್ ಜೋರು ಮಾಡಿದ. ಹನ್ನೊಂದು ವರ್ಷದಿಂದ ಆ ಲಂಗರು ಹೂಕುಂಡಕ್ಕೆ ಆಸರೆಯಾಗಿತ್ತೇ ಹೊರತು ನೀರು ಕಂಡಿರಲಿಲ್ಲ.

ನದಿಯ ಸೆಳೆತಕ್ಕೆ ಸಿಕ್ಕ ದೋಣಿ ಹಗ್ಗ ಬಿಚ್ಚಿದ ಕರುವಿನಂತೆ ಓಡಿತು. ದೂರದಲ್ಲಿ ಪಬ್ಬಿನ ತೋಟ, ಅಲ್ಲಿ ಮಾರ್ಜರಿ. ಅಷ್ಟರಲ್ಲಿ ಯಾರೋ ನದಿಗೆಸೆದ ಕಂಬಳಿಯೊಂದು ಪ್ರೊಪೆಲರಿಗೆ ಸುತ್ತಿಕೊಂಡು ಎಂಜಿನ್ ಕೆಮ್ಮಿ ನಿಂತಿತು. ಪಬ್ಬಿನಾಚೆ ಒಡ್ಡಿನಿಂದ ನೀರು ಧುಮುಕುವ ಸದ್ದು. ಕ್ಲೆಮೆಂಟ್ ಕಿರುಚತೊಡಗಿದ. ಮುಂದಕ್ಕೆ ಓಡಿ ಲಂಗರು ಎಸೆದ. ಲಂಗರು ಹೋಯಿತು, ಅದರ ಹಿಂದೆ ಹಗ್ಗ ಹೋಯಿತು, ಹಗ್ಗದ ಬಾಲವೂ ಹೋಯಿತು.

ದೋಣಿಯ ಮೂತಿಗೆ ಬಿಗಿದಿದ್ದ ಇನ್ನೊಂದು ಉದ್ದದ ಹಗ್ಗವನ್ನು ದಡದತ್ತ ಬೀಸಿದ. ಅದು ದಡಕ್ಕೆ ಎರಡು ಮಾರು ಈಚೆಗೇ ನೀರಿಗೆ ಬಿತ್ತು. ಎಸೆದದ್ದನ್ನು ಹಿಡಿಯದೆ ಬಿಟ್ಟು ಗೊತ್ತಿಲ್ಲದ ಪಿಕಲ್ ಚಂಗನೆ ಹಾರಿ, ಹಗ್ಗ ಕಚ್ಚಿ, ಈಜಿ ದಡ ಹತ್ತಿತು. ಅಲ್ಲೊಂದು ಬಾತುಕೋಳಿ ಅದನ್ನು ಅಟ್ಟಿಸಿಕೊಂಡು ವಿಲೋ ಮರಕ್ಕೆ ಮೂರು ಸುತ್ತು ಹಾಕಿಸಿತು. ಹಗ್ಗ ಬಿಗಿಯಿತು. ದೋಣಿ ಮೂತಿ ತಿರುಗಿಸಿ, ಪಳಗಿದವರು ನಿಲ್ಲಿಸಿದಂತೆ ಪಬ್ಬಿನೆದುರು ಬಂದು ನಿಂತಿತು. ತೋಟದ ತುಂಬ ಚಪ್ಪಾಳೆ. ಗಂಟೆ ನಾಲ್ಕಾಗಲು ಇನ್ನೂ ಐದು ನಿಮಿಷವಿತ್ತು.

ಸೈಕಲ್ಲು ತುಳಿದುಕೊಂಡು ಬಂದ ಹೊರೇಸ್ ಕೂಗಿದ: "ನಾಯಿ ಸಹಾಯ ಮಾಡ್ತು! ಇವ್ನು ಸೋತ!"

"ಪಿಕಲ್ ಮನುಷ್ಯ ಅಲ್ವಲ್ಲ. ನೀನು ಗೆದ್ದೆ ಕ್ಲೆಮೆಂಟ್, ದೋಣಿ ಮಾರಲ್ಲ," ಎಂದಳು ಮಾರ್ಜರಿ.

ಸಂತೋಷಕ್ಕೆ ಕ್ಲೆಮೆಂಟನ ಕಣ್ಣು ತುಂಬಿತು. ಹೆಂಡತಿಯನ್ನು ಬಾಚಿ ತಬ್ಬಿಕೊಂಡ.

ಅವಳು ಅವನ ಬೆನ್ನು ಸವರುತ್ತ ಹೇಳಿದಳು: "ದೋಣಿ ನಡ್ಸೋದು ಏನೋ ದೊಡ್ಡ ವಿದ್ಯೆ ಅಂತ ಇಷ್ಟು ವರ್ಷ ನಂಬಿದ್ದೆ ಕಣೋ. ಎಂಜಿನ್ ಕೆಟ್ಟು, ಲಂಗರು ಮುಳುಗಿ, ನೀನು ಮುಂದೆ ನಿಂತು ಕಿರುಚ್ತಾ ಇದ್ರೂ ಅದು ತಾನಾಗೇ ದಡ ಸೇರತ್ತೆ! ನಾಳೆಯಿಂದ ನಾನು ನಡೆಸ್ತೀನಿ. ಈ ಬೇಸಿಗೆ ಪೂರ್ತಿ ಗುಡ್ಡದ ಕಡೆಗೇ ಹೋಗೋಣ, ಅಲ್ಲಿ ಗೇಟು ಜಾಸ್ತಿ ಇವೆಯಂತೆ."