ಅತ್ತೆಯ ಹಾಡು ಮತ್ತು ಮಾಳಿಗೆಯ ತಂತಿ

ಹತ್ತು ಜನ ಸೇರಿ ಕೆಡಿಸುವ ಕೆಲಸವನ್ನು ನಾನೊಬ್ಬನೇ ಕೆಡಿಸಬಲ್ಲೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅದು ಸುಳ್ಳು. ಕೆಡಿಸುವುದಕ್ಕೆ ನನಗೆ ಯಾವಾಗಲೂ ಊರವರ ನೆರವು ಸಿಕ್ಕಿದೆ. ಇಂಥ ಕೆಲಸಗಳು ನನ್ನನ್ನು ಹುಡುಕಿಕೊಂಡು ಬರುತ್ತಲೇ ಇರುತ್ತವೆ. ಎಂಬತ್ತರ ದಶಕದ ಏರಿಯಲ್ ಪ್ರಕರಣವನ್ನೇ ನೋಡಿ.

ಆಗ ನಾನು ನವಲಗುಂದದ ಹತ್ತಿರದ ಹಳ್ಳಿಯೊಂದರಲ್ಲಿ ಶಾಲೆ ಮಾಸ್ತರ. ಅದೇ ನನ್ನ ಹೆಂಡತಿಯ ತವರೂರು. ಬೇರೆ ಮನೆ ಸಿಗದೆ ಮಾವನವರ ಮನೆಯಲ್ಲೇ ಇದ್ದೆವು. ನಮ್ಮ ಕಡೆ ಹಳೆಯ ಕಾಲದ ಅತ್ತೆಯಂದಿರು ಅಳಿಯನ ಎದುರಿಗೆ ಬರುವುದಿಲ್ಲ, ನೇರವಾಗಿ ಮಾತಾಡುವುದೂ ಇಲ್ಲ. ನಾಲ್ಕು ವರ್ಷ ಒಂದೇ ಸೂರಿನ ಕೆಳಗಿದ್ದರೂ ಅತ್ತೆ ನನ್ನೊಡನೆ ಒಂದು ಮಾತು ಆಡಿರಲಿಲ್ಲ. ಅವರು ಬೀಸುವ ಪದ ಬಹಳ ಚೆಂದ ಹಾಡುತ್ತಾರೆ ಎಂದು ಊರೆಲ್ಲ ಹೇಳುತ್ತಿತ್ತು. ನನ್ನ ಚಪ್ಪಲಿಯ ಸಪ್ಪಳ ಕೇಳಿದರೆ ಸಾಕು, ಬೀಸುವ ಕಲ್ಲು ತಿರುಗುತ್ತಲೇ ಇರುತ್ತಿತ್ತು, ಹಾಡು ಮಾತ್ರ ನಿಂತುಬಿಡುತ್ತಿತ್ತು.

ಒಂದು ದಿನ ನಾನು ಊರಲ್ಲಿಲ್ಲದಾಗ ರೇಡಿಯೋದವರು ಬಂದು ಅತ್ತೆಯ ಹಾಡನ್ನು ಟೇಪು ಮಾಡಿಕೊಂಡು ಹೋದರಂತೆ. ತಿಂಗಳಾದ ಮೇಲೆ ಕಾರ್ಡು ಬಂತು. ಮುಂದಿನ ತಿಂಗಳ ಮೊದಲ ಶುಕ್ರವಾರ ಮಧ್ಯಾಹ್ನ ಒಂದು ಗಂಟೆಗೆ ಪ್ರಸಾರ.

ಊರಲ್ಲಿ ಟ್ರಾನ್ಸಿಸ್ಟರುಗಳಿಗೆ ಬರವಿರಲಿಲ್ಲ. ಆದರೆ ಮಾವನವರು ಒಪ್ಪಲಿಲ್ಲ.

"ನಮ್ಮ ಮನಿ ಹಾಡು ಕೇಳಾಕ ಮಂದಿ ಮನಿಗೆ ಹೋಗೂದೇನ್ರಿ? ನಮ್ಮ ಡಬ್ಬೀನ ಮಾತಾಡಸ್ರಿ, ಮಾಸ್ತರ."

ಡಬ್ಬಿ ಎಂದರೆ ಅವರ ಮದುವೆ ಕಾಲದ ಕಟ್ಟಿಗೆಯ ದೊಡ್ಡ ರೇಡಿಯೋ. ದನಿ ಹಿಡಿಯುವ ಅದರ ತಂತಿ, ಅಂದರೆ ಏರಿಯಲ್, ಹರಿದುಹೋಗಿ ಎಷ್ಟೋ ವರ್ಷವಾಗಿತ್ತು. ಹಚ್ಚಿದರೆ ಸುಸ್ ಅನ್ನುವುದು ಬಿಟ್ಟು ಬೇರೇನೂ ಹೇಳುತ್ತಿರಲಿಲ್ಲ.

"ಅವ್ವ ತನ್ನ ದನಿ ತಾ ಒಮ್ಮೆನೂ ಕೇಳಿಲ್ರಿ" ಎಂದಳು ಹೆಂಡತಿ. ಆ ಮಾತು ಮನಸ್ಸಿಗೆ ತಾಗಿತು. ನಿಜ ಹೇಳಬೇಕೆಂದರೆ ನನಗೂ ಕೇಳುವ ಆಸೆಯಿತ್ತು.

ಪರೀಕ್ಷೆಗೆ ಬಾರದ ಪ್ರಶ್ನೆ

ನವಲಗುಂದದ ಮೋಟಾರ್ ರಿಪೇರಿಯವನ ಅಂಗಡಿಯ ಹಿಂದೆ ಸುಟ್ಟ ಪಂಪುಗಳಿಂದ ಬಿಚ್ಚಿದ ತಾಮ್ರದ ತಂತಿ ಬಿದ್ದಿರುತ್ತಿತ್ತು. ಒಂದು ಸುರುಳಿ ಕೇಳಿ ತಂದೆ. ಮಾಳಿಗೆಯ ಮೇಲೆ ಎರಡು ಬಿದಿರ ಗಳ ನಿಲ್ಲಿಸಿ, ತಂತಿ ಗಳಕ್ಕೆ ತಾಗದಂತೆ ಒಡೆದ ಬಾಟಲಿಗಳ ಕುತ್ತಿಗೆಗೆ ಸುತ್ತಿ ಎಳೆದು ಕಟ್ಟಿದೆ. ಒಂದು ತುದಿಯನ್ನು ಕೆಳಗಿಳಿಸಿ ರೇಡಿಯೋಕ್ಕೆ ಜೋಡಿಸಿದೆ. ಮೂರು ದಿನ ಕಳೆದರೂ ಸುಸ್ ಎನ್ನುವುದೇ ಗತಿ. ಮಾವನವರು ರೇಡಿಯೋ ಕೇಂದ್ರದವರನ್ನು ಬೈದರು. ನಾನೂ ದನಿಗೂಡಿಸಿದೆ.

ಕಡೆಗೆ ರಿಪೇರಿಯವನ ಬಳಿಯೇ ಹೋದೆ.

"ತಂತಿ ತುದಿ ಕೆರದೀರೇನ್ರಿ?" ಎಂದ.

"ಕೆರಿಯೂದ್ಯಾಕ?"

"ಅದರ ಮ್ಯಾಲೆ ವಾರ್ನಿಶ್ ಇರತೈತ್ರಿ. ಕೆರದ ಜೋಡಸ್ದಿದ್ರ ಏನೂ ದಾಟೂದಿಲ್ಲ. ಅಂದಂಗ, ಸಾಲ್ಯಾಗ ವಿಜ್ಞಾನ ಯಾರು ಕಲಸ್ತಾರ್ರಿ?"

ನಾನೇ ಎಂದೆ. ಅವನು ಮತ್ತೆ ತನ್ನ ಮೋಟಾರಿನ ಕಡೆ ತಿರುಗಿ, "ಇರ್ಲಿ ಬಿಡ್ರಿ, ಇದು ಪರೀಕ್ಷಾದಾಗ ಬರೂದಿಲ್ಲ" ಎಂದ.

ಮೂರು ಮಾರು ದೂರದ ಮಾತು

ತುದಿ ಕೆರೆದ ಮೇಲೆ ಡಬ್ಬಿ ಪಿಸುಗುಟ್ಟತೊಡಗಿತು. ಮರುದಿನ ಬೆಳಗ್ಗೆ ಮತ್ತೆ ಮೌನ. ಮಾಳಿಗೆ ಹತ್ತಿ ನೋಡಿದರೆ ನನ್ನ ಏರಿಯಲ್ ಮೇಲೆ ಅತ್ತೆಯ ಎರಡು ಒದ್ದೆ ಸೀರೆ, ಮಾವನವರ ಒಂದು ಧೋತರ; ಭಾರಕ್ಕೆ ತಂತಿ ಜೋತು ಮಾಳಿಗೆ ಮುಟ್ಟಿತ್ತು.

ಕೆಳಗಿಳಿದು ಬಂದರೆ ಅತ್ತೆ ಅಡುಗೆಮನೆಯ ಬಾಗಿಲ ಹಿಂದೆಯೇ ಇದ್ದರು. ನನ್ನಿಂದ ಮೂರು ಮಾರು ದೂರ. ಆದರೂ ಪದ್ಧತಿ ಪದ್ಧತಿಯೇ. ಹೆಂಡತಿಯನ್ನು ಕರೆದು, "ನಿಮ್ಮವ್ವಗ ಹೇಳು, ಅದು ಅರಬಿ ಒಣಹಾಕೂ ತಂತಿ ಅಲ್ಲ, ಏರಿಯಲ್" ಎಂದೆ. ಅವಳು ಒಳಗೆ ಹೋಗಿ, ಆಗಲೇ ಎಲ್ಲ ಕೇಳಿಸಿಕೊಂಡಿದ್ದ ತಾಯಿಗೆ ಮತ್ತೊಮ್ಮೆ ಹೇಳಿ, ಉತ್ತರ ಹೊತ್ತು ತಂದಳು.

"ಏರಿಯಲ್ ಕೆಲಸಾ ಮಾಡೂದು ಮಧ್ಯಾಹ್ನ ಅಲ್ಲೇನು, ಮುಂಜಾನೆ ಖಾಲಿನ ಇರತೈತಲ್ಲ ಅಂತಾಳ್ರಿ ಅವ್ವ."

ಸಾಯಂಕಾಲ ನಾನೇ ಬಟ್ಟೆ ಒಣಹಾಕಲು ಬೇರೆ ಹಗ್ಗ ಕಟ್ಟಿಕೊಟ್ಟೆ.

ಹಿತ್ತಲ ದೇವರು

ದನಿ ಇನ್ನೂ ಏಳಬೇಕಾದರೆ ರೇಡಿಯೋದಿಂದ ನೆಲಕ್ಕೂ ಒಂದು ತಂತಿ ಇಳಿಸಬೇಕಿತ್ತು. ಹಿತ್ತಲಲ್ಲಿ ಕುಣಿ ತೋಡಿ, ತೂತುಬಿದ್ದ ತಾಮ್ರದ ತಂಬಿಗೆಗೆ ತಂತಿ ಕಟ್ಟಿ, ಇದ್ದಿಲು, ಉಪ್ಪು ಸುರಿದು ಮುಚ್ಚುತ್ತಿದ್ದೆ. ಬಾಜೂ ಮನೆಯ ಮುದುಕಿ ಗೋಡೆಯಾಚೆಯಿಂದ ನೋಡಿದಳು. ಉಪ್ಪು, ಇದ್ದಿಲು, ತಂಬಿಗೆ. ಇಷ್ಟು ಸಾಕಾಯಿತು. ಹೊತ್ತು ಮುಳುಗುವುದರೊಳಗೆ ಮಾಸ್ತರ ಮಾಟ ಮಾಡಿಸ್ಯಾನ ಎಂಬ ಸುದ್ದಿ ಕೆರೆಯ ದಂಡೆ ಮುಟ್ಟಿತ್ತು.

ಮಾವನವರು ಅವಳನ್ನು ಕರೆದು ಸಮಾಧಾನ ಹೇಳಿದರು. "ಮಾಟ ಅಲ್ಲಬೇ. ಅಲ್ಲಿಂದ ರೇಡಿಯೋಕ್ಕ ಶಕ್ತಿ ಬರತೈತಿ."

ಶಕ್ತಿ ಎಂದಿದ್ದೇ ತಪ್ಪಾಯಿತು. ಮರುದಿನದಿಂದ ಮುದುಕಿ ಮಿಂದು ಬಂದು ಆ ಜಾಗಕ್ಕೆ ಒಂದು ಕೊಡ ನೀರು ಹಾಕಿ, ಕುಂಕುಮ ಏರಿಸಿ, ಕೈಮುಗಿದು ಹೋಗತೊಡಗಿದಳು. ನೆಲ ಸದಾ ಹಸಿಯಾಗಿರಬೇಕು ಎಂದು ನಾನು ಓದಿದ್ದೆನಾದರೂ ನೀರು ಹಾಕಲು ಮರೆತಿದ್ದೆ. ನಾಲ್ಕೇ ದಿನದಲ್ಲಿ ರೇಡಿಯೋ ಗಟ್ಟಿಯಾಗಿ ಮಾತಾಡಿತು. ಊರವರು ಅವಳ ಭಕ್ತಿಯನ್ನು ಹೊಗಳಿದರು. ನನ್ನ ಹೆಸರು ಯಾರೂ ಎತ್ತಲಿಲ್ಲ.

ಶುಕ್ರವಾರ

ಶುಕ್ರವಾರ ಹನ್ನೆರಡೂವರೆಗೇ ಪಡಸಾಲೆ ತುಂಬಿತ್ತು. ಅತ್ತೆ ಬಾಗಿಲ ಹಿಂದೆ ಸೆರಗು ಮುಖದ ತನಕ ಎಳೆದುಕೊಂಡು ಕೂತಿದ್ದರು. ಇನ್ನೇನು ಒಂದು ಗಂಟೆ ಹೊಡೆಯಬೇಕು, ಮಂಗಗಳ ಹಿಂಡೊಂದು ಮಾಳಿಗೆಗೆ ಬಂತು. ಅವುಗಳಲ್ಲಿ ದೊಡ್ಡದು ನನ್ನ ತಂತಿಗೆ ಜೋತುಬಿತ್ತು. ಎರಡೂ ಗಳ ಲಟಕ್ಕನೆ ಮುರಿದವು.

ಓಡಿ ಮೇಲೆ ಹತ್ತಿದೆ. ಬೇರೆ ಗಳ ಹುಡುಕಲು ಸಮಯವಿರಲಿಲ್ಲ. ತಂತಿ ಹಿಡಿದು ಕೈ ಎತ್ತಿದೆ. ಮಾಳಿಗೆಗೆ ಬೆಳಕಿಗಾಗಿ ಬಿಟ್ಟ ಕಿಂಡಿಯಿಂದ ಹೆಂಡತಿ ಕೂಗಿದಳು: "ಬಂತ್ರಿ, ಬಂತು. ಹಂಗ ನಿಂದರ್ರಿ."

ನಿಂತೆ. ಹಾಡು ಶುರುವಾಯಿತು. ಪಡಸಾಲೆ ಗಪ್ಪಾಯಿತು. ಆದರೆ ಮೇಲಿನ ಗಾಳಿಗೆ ನನಗೆ ಗುಂಯ್ ಎಂಬುದಷ್ಟೇ ಕೇಳುತ್ತಿತ್ತು. ನಾಲ್ಕು ವರ್ಷ ಕಾದ ಹಾಡು, ತಡೆಯಲಾಗಲಿಲ್ಲ. ಕಿಂಡಿಯ ಕಡೆ ಬಾಗಿದೆ. ಕೈ ತಗ್ಗಿತು, ರೇಡಿಯೋ ಸುಸ್ ಎಂದಿತು, ಕೆಳಗಿದ್ದವರೆಲ್ಲ ಒಟ್ಟಿಗೆ ಬೈದರು. ಮತ್ತೆ ನೆಟ್ಟಗಾದೆ. ಎರಡನೇ ಸಲವೂ ಹಾಗೇ ಆಯಿತು. ಮಾಡಿದವನೊಬ್ಬನಿಗೇ ಕೇಳುವ ಯೋಗವಿಲ್ಲ. ಹಲ್ಲು ಕಚ್ಚಿ ನಿಂತೆ.

ಕೊನೆಗೆ ಗುಂಯ್ ಎಂಬುದೂ ನಿಂತಿತು. ಹಾಡು ಮುಗಿಯಿತೆಂದು ನೋಯುತ್ತಿದ್ದ ಕೈಯನ್ನು ಇಳಿಸತೊಡಗಿದೆ.

ಕಿಂಡಿಯ ಕೆಳಗೆ ಯಾರೋ ಓಡಿ ಬಂದರು. ಹೆಂಡತಿಯಲ್ಲ. ತಲೆಯ ಮೇಲಿನ ಸೆರಗು ಹೆಗಲಿಗೆ ಜಾರಿತ್ತು, ಕಣ್ಣು ತುಂಬಿ ಬಂದಿತ್ತು. ನಮ್ಮ ಅತ್ತೆ ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿ ಮಾತಾಡಿದರು.

"ಅಳಿಯಂದ್ರ, ಕೈ ಇಳಸಬ್ಯಾಡ್ರಿ. ರೇಡಿಯೋದವ್ರಿಗೆ ನಾ ಎರಡು ಹಾಡೇನಿ."