ಪರಿಶೀಲನಾ ವಾಹನದ ತುಲನಾ ಪಟ್ಟಿ

ಎರಡು ಸಾವಿರದ ಐದನೇ ಇಸವಿಯಲ್ಲಿ ಮೈಸೂರಿನ ಪಾದಚಾರಿ ಮಾರ್ಗ ಸಂರಕ್ಷಣಾ ಮಂಡಳಿಗೆ ಸ್ವಂತ ಕಾರು ಇಲ್ಲದ ಕಾರಣ, ನಗರದ ಒಂದು ಫುಟ್‌ಪಾತೂ ದುರಸ್ತಿಯಾಗಲಿಲ್ಲ. ಇದರಲ್ಲಿ ಯಾರ ತಪ್ಪೂ ಇರಲಿಲ್ಲ. ನಿಯಮ ಏಳರ ಪ್ರಕಾರ, ಅಧ್ಯಕ್ಷರು ಖುದ್ದು ಪರಿಶೀಲಿಸದೆ ಒಂದು ಚಪ್ಪಡಿಯನ್ನೂ ಬದಲಾಯಿಸತಕ್ಕದ್ದಲ್ಲ. ನಿಯಮ ಎಂಟರ ಪ್ರಕಾರ, ಅಧ್ಯಕ್ಷರು ಕರ್ತವ್ಯದ ವೇಳೆ ಕಾಲ್ನಡಿಗೆಯಲ್ಲಿ ಕಾಣಿಸಿಕೊಳ್ಳತಕ್ಕದ್ದಲ್ಲ. ಹುದ್ದೆಯ ಘನತೆಗೆ ಕುಂದು. ಆದ್ದರಿಂದ ಫುಟ್‌ಪಾತಿನ ಮೇಲೆಯೇ ವಾಹನ ಓಡಿಸಿ ಪರಿಶೀಲಿಸಬೇಕಿತ್ತು.

ಯಾದವಗಿರಿಯ ಬಂಗಲೆಯೊಂದರಲ್ಲಿದ್ದ ಮಂಡಳಿಯ ಕಚೇರಿಯಲ್ಲಿ, ಕೊಳ್ಳಲೆಂದು ಆರಿಸಿದ್ದ ಎರಡು ಕಾರುಗಳ ತುಲನಾ ಪಟ್ಟಿ ಬರೆಯುವ ಕೆಲಸ ಗುಮಾಸ್ತ ಶಿವರಾಮುವಿನ ಪಾಲಿಗೆ ಬಿತ್ತು. ಒಂದು, ದುಡ್ಡಿದ್ದವರು ಪ್ರತಿಷ್ಠೆಗೆಂದು ಇಟ್ಟುಕೊಳ್ಳುವ ಪುಟ್ಟ ವಿದೇಶಿ ಕಾರು. ಇನ್ನೊಂದು, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲವಿರುವ, ಹತ್ತಲು ಮೆಟ್ಟಿಲು ಬೇಕಾಗುವ ಐಷಾರಾಮಿ ಗಾಡಿ. ಶಿವರಾಮುವಿನ ಮನಸ್ಸು ಪುಟ್ಟ ಕಾರಿನ ಕಡೆಗೇ ವಾಲಿತ್ತು. ಹಿನಕಲ್‌ನಲ್ಲಿ ಅವನ ಮನೆ ಮುಂದಿನ ಫುಟ್‌ಪಾತಿನ ಚಪ್ಪಡಿ ಕುಸಿದು, ಅವನ ತಾಯಿ ಮಂಚಮ್ಮ ಬಿದ್ದು ಕಾಲು ಮುರಿದುಕೊಂಡಿದ್ದಳು. ದುರಸ್ತಿ ಕೋರಿ ಅವಳು ಹಾಕಿದ್ದ ಅರ್ಜಿ ಪರಿಶೀಲನೆಗೆ ಕಾದು ಕೂತಿತ್ತು. ಆ ಫುಟ್‌ಪಾತಿನ ಅಗಲ ಆರಡಿ. ಪುಟ್ಟ ಕಾರು ಐದೂವರೆ, ದೊಡ್ಡದು ಆರೂವರೆ. ಬಡಪಾಯಿ ಟೇಪು ಹಿಡಿದು ಎರಡೆರಡು ಸಲ ಅಳೆದಿದ್ದ.

ಪಟ್ಟಿಯಲ್ಲಿ ಅವನು ಯಾರಿಗೂ ಅನ್ಯಾಯ ಮಾಡಲಿಲ್ಲ. 'ಪುಟ್ಟ ಕಾರಿನಿಂದ ಇಳಿಯುವಾಗ ಅಧ್ಯಕ್ಷರು ಬಗ್ಗಬೇಕಾಗುತ್ತದೆ. ಚುನಾವಣೆ ಇಲ್ಲದ ವರ್ಷಗಳಲ್ಲಿ ಇದು ಅನಗತ್ಯ' ಎಂದು ಕೂಡ ನಮೂದಿಸಿದ್ದ.

ಅಧ್ಯಕ್ಷ ಮಹಾಂತೇಶರು ಪಟ್ಟಿ ಓದಿ ಕನ್ನಡಕ ತೆಗೆದರು. "ಏನ್ರೀ ಶಿವರಾಮು, ಎತ್ತರ, ಗಾಂಭೀರ್ಯ ಎಲ್ಲದ್ರಲ್ಲೂ ದೊಡ್ಡದೇ ಮುಂದೆ. ಕೊನೇಲಿ ಪುಟ್ಟದೇ ಸೂಕ್ತ ಅಂತ ಬರ್ದಿದ್ದೀರಲ್ಲ?"

"ದೊಡ್ಡದು ಫುಟ್‌ಪಾತ್ ಮೇಲೆ ಹಿಡಿಯಲ್ಲ ಸಾರ್."

"ಅದು ಗಾಡಿ ದೋಷವೋ, ಫುಟ್‌ಪಾತ್ ದೋಷವೋ?"

ಶಿವರಾಮುವಿಗೆ ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡಂತಾಯಿತು. ಗಾಡಿಯದು ಎಂದರೆ ಮಾರನೇ ದಿನವೇ ಬೀದರಿಗೆ ವರ್ಗ, ಕಾಲು ಮುರಿದ ತಾಯಿಗೆ ಇವನೊಬ್ಬನೇ ದಿಕ್ಕು.

"ಫುಟ್‌ಪಾತ್ ದೋಷ ಸಾರ್."

"ಹಾಗೇ ಬರೀರಿ ಮತ್ತೆ."

ದೊಡ್ಡ ಗಾಡಿ ಬಂತು. ಪೂಜೆಯಾದ ದಿನವೇ ಪ್ರಕಟಣೆಯೂ ಹೊರಬಿತ್ತು: 'ಮಂಡಳಿಯ ಪರಿಶೀಲನಾ ವಾಹನ ಹಿಡಿಯದ ಯಾವುದೇ ಮಾರ್ಗವನ್ನು ಫುಟ್‌ಪಾತ್ ಎಂದು ಪರಿಗಣಿಸತಕ್ಕದ್ದಲ್ಲ. ಈ ಆದೇಶ ಪೂರ್ವಾನ್ವಯವಾಗಿ ಜಾರಿಗೆ ಬರುತ್ತದೆ.' ಅದರಂತೆ ನಗರದಲ್ಲಿ ಉಳಿದ ಫುಟ್‌ಪಾತು ಎರಡು. ಎರಡೂ ಸುಸ್ಥಿತಿಯಲ್ಲಿದ್ದುದರಿಂದ, ಸಂರಕ್ಷಣೆ ನೂರಕ್ಕೆ ನೂರು ಎಂದು ಮಂಡಳಿಗೆ ಪ್ರಶಂಸಾಪತ್ರ ದೊರೆಯಿತು.

ಬಾಕಿ ಅರ್ಜಿಗಳಿಗೆ ಹಿಂಬರಹ ಬರೆಯುವ ಕೆಲಸವೂ ಶಿವರಾಮುವಿನದೇ. ಮಂಚಮ್ಮನ ಅರ್ಜಿಗೆ ಬರೆದ ಉತ್ತರವನ್ನು ಅಂಚೆಗೆ ಹಾಕದೆ ತಾನೇ ಮನೆಗೆ ತಂದ. ನಾಚಿಕೆಯಿಂದ ತಲೆ ಎತ್ತಲಾಗದೆ, ಮಂಚದ ಪಕ್ಕ ಕೂತು ಓದಿದ.

"'ತಾವು ನಮೂದಿಸಿರುವ ಸ್ಥಳದಲ್ಲಿ ಫುಟ್‌ಪಾತ್ ಇರುವುದಿಲ್ಲವಾದ್ದರಿಂದ ದುರಸ್ತಿಗೆ ಅವಕಾಶವಿರುವುದಿಲ್ಲ. ತಾವು ಅದರ ಮೇಲೆ ಬಿದ್ದಿರುವುದೂ ಕಂಡುಬರುವುದಿಲ್ಲ.'"

ಮಂಚಮ್ಮ ಬ್ಯಾಂಡೇಜಿನ ಕಾಲನ್ನು ಒಮ್ಮೆ ನೋಡಿಕೊಂಡಳು.

"ಯಾರ್ ಬರ್ದಿದ್ದು, ಮಗಾ?"

"ನಾನೇ ಕಣವ್ವ."

"ಅಂಗಾದ್ರೆ ಸರಿಯಾಗೇ ಇರ್ತದೆ ಬುಡು. ಇಲ್ದೇ ಇರೋ ಜಾಗ್ದಲ್ಲಿ ಕಾಲಿಟ್ಟಿದ್ದು ನಂದೇ ತಪ್ಪು."